ಅಳತೆ ಪುಸ್ತಕ

ಮಂಡಿಪೇಟೆಯ ಒಳಗಲ್ಲಿ, ಬೆಳಿಗ್ಗೆ ಹತ್ತು.
ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ, ಫೋನು ಗುಂಯ್ ಎಂದಿತು.
ಗೊತ್ತಿಲ್ಲದ ನಂಬರು. ತೆರೆದರೆ
ಹಾಲಮ್ಮನ ಮುಖ.
ಮುಖದ ಕೆಳಗೆ ಬಟ್ಟೆಯಿಲ್ಲದ ಒಂದು ಮೈ.
ಮೈಯ ಕೆಳಗೆ ಅಕ್ಷರ: ಸಾಲಗಳ್ಳಿ.
ಎಣ್ಣೆ ಡಬ್ಬಿ ಯಾರದೋ ಹಳದಿ ಜಂಪರಿನ ಮೇಲೆ ವಾಲಿತು.

ನನಗ್ಯಾಕೆ ಬಂತು?
ಅವಳ ಫೋನಿನಲ್ಲಿ ನಾನು ‘ಟೈಲರ್ ತಾರಕ್ಕ’ ಅಂತಿದ್ದೇನೆ, ಅದಕ್ಕೆ.
ಗ್ಯಾಸಿನವನಿಗೂ ಹೋಗಿದೆ, ಮಗನ ಮೇಷ್ಟ್ರಿಗೆ,
ಅವಳು ಕೆಲಸಕ್ಕಿರುವ ಮೆಡಿಕಲ್ ಶಾಪಿನ ಯಜಮಾನರಿಗೆ,
ಹರಪನಹಳ್ಳಿಯ ಚಿಕ್ಕಮ್ಮನಿಗೆ,
ಮೂರು ವರ್ಷದ ಹಿಂದೆ ತೀರಿಕೊಂಡ ಅಪ್ಪನ ನಂಬರಿಗೂ.
ತೆಗೆಯಲು ಮನಸ್ಸು ಬಾರದೆ ಇಟ್ಟುಕೊಂಡಿದ್ದಳು.

ಮಧ್ಯಾಹ್ನ ಬಂದಳು. ಷಟರು ಅರ್ಧ ಇಳಿಸಿದೆ.
‘ಫೋನಿನ ಗಾಜು ಒಡೆದಿತ್ತಕ್ಕ, ಮೂರು ಸಾವಿರ ಬೇಕಿತ್ತು.
ಆ್ಯಪು ಕೇಳಿತು: ಅನುಮತಿಸುವಿರಾ? ಅನುಮತಿಸುವಿರಾ?
ಒತ್ತುತ್ತಾ ಹೋದೆ.
ಕೈಗೆ ಬಂದದ್ದು ಸಾವಿರದ ಎಂಟುನೂರು,
ಕಟ್ಟಿದ್ದು ಒಂಬತ್ತು ಸಾವಿರ. ಇನ್ನೂ ಕಟ್ಟು ಅಂತಾನೆ.’
ಅಷ್ಟು ಹೇಳಿ,
ಕುಂದುವಾಡ ಕೆರೆ ಎಷ್ಟು ಆಳ ಇದ್ದೀತು ಅಂತ
ಸೀರೆಯ ಬೆಲೆ ಕೇಳುವ ದನಿಯಲ್ಲಿ ಕೇಳಿದಳು.

ಮಂಡಕ್ಕಿ ಪೊಟ್ಟಣ ಬಿಚ್ಚಿ ಮುಂದಿಟ್ಟೆ.
ಮಿರ್ಚಿ ಆರಿ ಮೆತ್ತಗಾಗುವವರೆಗೂ ಇಬ್ಬರೂ ಮುಟ್ಟಲಿಲ್ಲ.
ಈ ದರಿದ್ರವನ್ನು ಅಳಿಸೇಬಿಡೋಣ ಎಂದು ನಾನು ಬೆರಳೆತ್ತಿದರೆ
ಪಕ್ಕದ ಝೆರಾಕ್ಸ್ ಅಂಗಡಿಯ ಫರ್ಹಾನಾ ಒಳಗೆ ಬಗ್ಗಿ ಬಂದಳು:
‘ಅಳಿಸಬೇಡ್ರಿ ತಾರಕ್ಕ!
ನಂಬರು, ತಾರೀಖು, ಟೈಮು ಕಾಣೋ ಹಂಗೆ ತೆಗೆದಿಡ್ರಿ.
ಇನ್ನೊಂದು ರೂಪಾಯಿ ಕಟ್ಟಬೇಡ್ರಿ.
ದುಡ್ಡು ಹೋಗೈತಲ್ಲ, ಹತ್ತೊಂಬತ್ತು ಮೂವತ್ತಕ್ಕೆ ಹಚ್ಚಿ.’
ಹಚ್ಚಿದೆವು. ಬರೀ ಸಂಗೀತ. ಮತ್ತೆ ಹಚ್ಚಿದೆವು.
ನಾಲ್ಕನೇ ಸಲಕ್ಕೆ ಒಬ್ಬ ಹುಡುಗನ ದನಿ,
ದೂರಿನ ಸಂಖ್ಯೆ ಹೇಳಿತು.
ಜಂಪರಿನ ಕಾಲರಿಗೆ ತಂದಿದ್ದ ರಟ್ಟಿನ ಮೇಲೆ ಬರೆದುಕೊಂಡೆ.

ಸೈಬರ್ ಠಾಣೆಯ ಬೆಂಚು ಒಂದು ಕಡೆ ಕುಂಟು.
‘ಇದು ನೀವೇನಾ?’ ಅಂದ ಕಾನ್‌ಸ್ಟೇಬಲ್, ಫೋಟೋ ಹಿಗ್ಗಿಸುತ್ತಾ.
ನಾನು ಚೀಲದಿಂದ ಅಳತೆ ಪುಸ್ತಕ ತೆಗೆದೆ.
‘ನೋಡಿ ಸ್ವಾಮಿ, ಪುಟ ನಲವತ್ತೊಂದು.
ಇವಳ ಭುಜ ಹದಿಮೂರೂವರೆ, ಎಡಕ್ಕೆ ಅರ್ಧ ಇಂಚು ಇಳಿಜಾರು.
ಆರು ವರ್ಷದಿಂದ ಅಲ್ಲೊಂದು ಪದರ ಹೆಚ್ಚು ಇಡ್ತೀನಿ.
ಫೋಟೋದ ಭುಜ ನೋಡಿ, ಸ್ಕೇಲು ಇಟ್ಟಂಗೈತೆ.
ಕುತ್ತಿಗೆ ಹತ್ರ ಜೋಡಿಸ್ಯಾನೆ, ಕಚ್ಚಾ ಹೊಲಿಗೆ.
ಮೂವತ್ತು ವರ್ಷದ ಕಣ್ಣಿಗೆ ಕಾಣದೇನು?’

ಗೆದ್ದೆ ಅಂದುಕೊಂಡೆ.
ಆಗ ಹಾಲಮ್ಮ, ಅಷ್ಟೊತ್ತೂ ನೆಲ ನೋಡುತ್ತಿದ್ದವಳು,
ಪುಸ್ತಕ ಮುಚ್ಚಿದಳು, ನನ್ನ ಬೆರಳು ಒಳಗಿರುವಾಗಲೇ.
‘ನನ್ನ ಮೈಯೇ ಆಗಿದ್ದರೆ?’ ಅಂದಳು.
‘ನಂದೇ ಆಗಿದ್ದರೆ ಕಂಪ್ಲೇಂಟ್ ತಗೊಳ್ಳಲ್ಲವಾ?’

ಮೇಜಿನ ಮೇಲಿನ ಕಾಗದ ಫ್ಯಾನಿಗೆ ಹಾರಿತು, ಯಾರೂ ಹಿಡಿಯಲಿಲ್ಲ.
ಒಳಕೋಣೆಯಿಂದ ಲೇಡಿ ಎಸ್‌ಐ ಎದ್ದು ಬಂದು
ಕಾನ್‌ಸ್ಟೇಬಲ್ ಕೈಯಿಂದ ಫೋನು ತೆಗೆದುಕೊಂಡರು,
ಮಗುಚಿ ಇಟ್ಟರು.
‘ಆಗಲೂ ತಗೋತೀವಿ. ಕೂತ್ಕೊಳ್ರಿ. ಮೊದಲಿಂದ ಹೇಳ್ರಿ.’

ಅವಳು ಹೇಳುವಷ್ಟು ಹೊತ್ತೂ
ಗಂಡಸರ ಮುಂದೆ ಅವಳ ಭುಜ ಬಿಚ್ಚಿದ ಪುಸ್ತಕ
ನನ್ನ ತೊಡೆಯ ಮೇಲೆ ಕಲ್ಲಿನಷ್ಟು ಭಾರ.

ಕೇಸು ಇನ್ನೂ ನಡೆದಿದೆ. ಒಂಬತ್ತು ಸಾವಿರ ಬಂದಿಲ್ಲ.
ಯಜಮಾನರು ‘ಸ್ವಲ್ಪ ದಿನ ಬಿಟ್ಟು ಬಾರಮ್ಮ’ ಅಂದಿದ್ದಾರೆ,
ಇವಳು ಮರುದಿನವೇ ಹೋಗಿ ಕೌಂಟರಿನಲ್ಲಿ ನಿಂತಿದ್ದಾಳೆ.

ಆ ಸಂಜೆ, ಠಾಣೆಯ ಮೆಟ್ಟಿಲ ಮೇಲೆ ಕೂತು
‘ಅದು ನಾನಲ್ಲ’ ಎಂದು ಟೈಪು ಮಾಡಿದಳು. ಅಳಿಸಿದಳು.
‘ದೂರು ಕೊಟ್ಟಿದ್ದೇನೆ. ಯಾರೂ ಮುಂದೆ ಕಳಿಸಬೇಡಿ.
ನಿಮಗೆ ಬಂದ ನಂಬರು ನನಗೆ ಕೊಡಿ.’
ಎಲ್ಲರಿಗೂ ಹೋಯಿತು.
ಮೊದಲ ಉತ್ತರ ಗ್ಯಾಸಿನವನದು: ಬರೀ ನಂಬರು, ಬೇರೆ ಮಾತಿಲ್ಲ.
ಚಿಕ್ಕಮ್ಮ ಓದಿ ಸುಮ್ಮನಾದಳು.

ಅಪ್ಪನಿಗೂ ಹೋಗಿದೆ.
ಒಂದೇ ಗೀಟು.